ವೈಫೈ ಸಿಕ್ಕಿತು, ಇಂಟರ್‌ನೆಟ್ ಎಲ್ಲಿ?

ರೈಲು ನಿಲ್ದಾಣದಲ್ಲೋ ಗ್ರಂಥಾಲಯದಲ್ಲೋ ಲಾಡ್ಜಿನ ಕೋಣೆಯಲ್ಲೋ ಲ್ಯಾಪ್‌ಟಾಪ್ ತೆರೆದು ಅಲ್ಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿಕೊಳ್ಳುವವರ ದೂರುಗಳು ಹೆಚ್ಚಾಗಿ ಎರಡೇ. ಪರದೆಯ ಮೂಲೆಯಲ್ಲಿ ವೈಫೈ ಗುರುತಿನ ಗೆರೆಗಳೆಲ್ಲ ತುಂಬಿವೆ, ಆದರೂ ಒಂದು ಪುಟವೂ ತೆರೆಯುವುದಿಲ್ಲ ಎಂಬುದು ಒಂದು. ಪುಟವೇನೋ ತೆರೆಯುತ್ತದೆ, ಆದರೆ ನನ್ನ ಪಾಸ್‌ವರ್ಡ್ ಯಾರ ಕೈಗೆ ಬೀಳುತ್ತದೋ ಎಂಬ ಅಳುಕು ಇನ್ನೊಂದು. ಮೊದಲನೆಯದನ್ನು ಯಂತ್ರದ ದೋಷವೆಂದೂ ಎರಡನೆಯದನ್ನು ಕಳ್ಳರ ಕಾಟವೆಂದೂ ನಾವು ಬೇರೆ ಬೇರೆ ಇಟ್ಟು ನೋಡುತ್ತೇವೆ. ಎರಡರ ಬೇರೂ ಒಂದೇ ಎಂಬುದು ಈ ಬರಹದ ವಾದ. ವೈಫೈ ಗುರುತು ಹೇಳುವುದು ಬಹಳ ಸಣ್ಣ ಸಂಗತಿ: ನಿಮ್ಮ ಕಂಪ್ಯೂಟರಿಗೂ ಹತ್ತಿರದ ಒಂದು ಪೆಟ್ಟಿಗೆಗೂ ನಡುವೆ ರೇಡಿಯೊ ಸಂಪರ್ಕ ಏರ್ಪಟ್ಟಿದೆ, ಅಷ್ಟೇ. ಆ ಪೆಟ್ಟಿಗೆಯ ಆಚೆ ಇಂಟರ್‌ನೆಟ್ ಇದೆಯೇ, ಆ ಪೆಟ್ಟಿಗೆ ಯಾರದು ಎಂಬೆರಡು ಪ್ರಶ್ನೆಗಳಿಗೆ ಆ ಗುರುತಿನಲ್ಲಿ ಉತ್ತರವಿಲ್ಲ. ತೆರೆಯದ ಪುಟದ ಕಾರಣ ಮೊದಲ ಪ್ರಶ್ನೆಯಲ್ಲಿದೆ, ಮೋಸದ ಕಾರಣ ಎರಡನೆಯದರಲ್ಲಿ. ಇವೆರಡೂ ಬಂದು ಸೇರುವ ಜಾಗ ಲಾಗಿನ್ ಪುಟ.

ಜೋಡಣೆ ಹೇಗೆ ನಡೆಯುತ್ತದೆ ನೋಡೋಣ. ಹಾಟ್‌ಸ್ಪಾಟ್ ಪೆಟ್ಟಿಗೆ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಹೆಸರನ್ನು ರೇಡಿಯೊ ಅಲೆಗಳಲ್ಲಿ ಸಾರುತ್ತಿರುತ್ತದೆ. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ಪಟ್ಟಿಯಲ್ಲಿ ತೋರಿಸುತ್ತದೆ. ನೀವು ಹೆಸರು ಆಯ್ದು ಪಾಸ್‌ವರ್ಡ್ ಕೊಟ್ಟಾಗ ಎರಡೂ ಯಂತ್ರಗಳು ಒಂದು ಗುಟ್ಟಿನ ಕೀಲಿಯನ್ನು ಒಪ್ಪಿಕೊಳ್ಳುತ್ತವೆ. ಪಾಸ್‌ವರ್ಡ್ ಕೇಳದ ತೆರೆದ ಹಾಟ್‌ಸ್ಪಾಟ್‌ಗಳಲ್ಲಿ ಸಾಮಾನ್ಯವಾಗಿ ಆ ಕೀಲಿಯೇ ಇರುವುದಿಲ್ಲ. ವೈಫೈ ಗುರುತು ಇಷ್ಟಕ್ಕೇ ತುಂಬಿಕೊಂಡುಬಿಡುತ್ತದೆ. ಆದರೆ ಇನ್ನೂ ಕೆಲಸ ಬಾಕಿ ಇದೆ. ಕಂಪ್ಯೂಟರ್ ತನಗೊಂದು ಅಂಕಿ ವಿಳಾಸ ಕೊಡುವಂತೆ ಪೆಟ್ಟಿಗೆಯನ್ನು ಕೇಳಬೇಕು. ಅದು ಸಾಮಾನ್ಯವಾಗಿ 192.168 ಅಥವಾ 10 ಅಥವಾ 172 ಎಂದು ಶುರುವಾಗುತ್ತದೆ. ಉತ್ತರ ಬಾರದಿದ್ದರೆ ವಿಂಡೋಸ್ ತಾನೇ 169.254 ಎಂದು ಶುರುವಾಗುವ ವಿಳಾಸವೊಂದನ್ನು ಇಟ್ಟುಕೊಂಡು ಸುಮ್ಮನಾಗುತ್ತದೆ. ನೆಟ್‌ವರ್ಕ್ ವಿವರಗಳಲ್ಲಿ ಈ ಅಂಕಿ ಕಂಡಿತೆಂದರೆ ಮುಂದಿನ ಯಾವ ಪುಟವೂ ತೆರೆಯುವುದಿಲ್ಲ. ಬ್ರೌಸರ್ ಬದಲಿಸಿ ಪ್ರಯೋಜನವಿಲ್ಲ. ಜನ ಕಿಕ್ಕಿರಿದಾಗ ಹಂಚಲು ಪೆಟ್ಟಿಗೆಯ ಬಳಿ ವಿಳಾಸಗಳೇ ಉಳಿದಿಲ್ಲದಿರಬಹುದು, ಅಥವಾ ನೀವು ಅದರಿಂದ ತುಂಬ ದೂರ ಇರಬಹುದು. ವೈಫೈ ಆಫ್ ಮಾಡಿ ಆನ್ ಮಾಡುವುದು, ಪೆಟ್ಟಿಗೆಗೆ ಹತ್ತಿರ ಹೋಗುವುದು, ಅದಕ್ಕೂ ಬಗ್ಗದಿದ್ದರೆ ನಡೆಸುವವರಿಗೆ ತಿಳಿಸುವುದು, ಇಷ್ಟೇ ದಾರಿ.

ವಿಳಾಸ ಸಿಕ್ಕ ಮೇಲೆ ನಡೆಯುವುದು ನಿಜಕ್ಕೂ ಕುತೂಹಲದ ಸಂಗತಿ. ಇಂಟರ್‌ನೆಟ್ ಇದೆಯೋ ಇಲ್ಲವೋ ಎಂದು ಕಂಪ್ಯೂಟರ್ ತಾನೇ ಪರೀಕ್ಷೆ ಮಾಡುತ್ತದೆ. ವಿಂಡೋಸ್ ಯಂತ್ರ ಮೈಕ್ರೋಸಾಫ್ಟ್‌ನ ಒಂದು ಗೊತ್ತಾದ ವಿಳಾಸದಿಂದ ಪುಟ್ಟ ಕಡತವೊಂದನ್ನು ತರಿಸಿಕೊಳ್ಳುತ್ತದೆ. ಆಪಲ್ ಯಂತ್ರ ತನ್ನ ಕಂಪನಿಯ ಪುಟವೊಂದರಲ್ಲಿ ‘ಸಕ್ಸೆಸ್’ ಎಂಬ ಒಂದೇ ಪದ ಬರುತ್ತದೆಯೇ ಎಂದು ನೋಡುತ್ತದೆ. ಆಂಡ್ರಾಯ್ಡ್ ಫೋನು ಗೂಗಲ್‌ನಿಂದ ಖಾಲಿ ಉತ್ತರವೊಂದನ್ನು ನಿರೀಕ್ಷಿಸುತ್ತದೆ. ನಿರೀಕ್ಷಿಸಿದ್ದೇ ಬಂದರೆ ಇಂಟರ್‌ನೆಟ್ ಇದೆ ಎಂದರ್ಥ. ನಿಲ್ದಾಣದ ಹಾಟ್‌ಸ್ಪಾಟ್ ಮಾಡುವುದೇನೆಂದರೆ, ಈ ಕೋರಿಕೆಯನ್ನು ದಾರಿಯಲ್ಲೇ ತಡೆದು ಮೈಕ್ರೋಸಾಫ್ಟ್ ಅಥವಾ ಆಪಲ್ ಕೊಡಬೇಕಾದ ಉತ್ತರದ ಜಾಗದಲ್ಲಿ ತನ್ನದೇ ಪುಟವನ್ನು ಕಳಿಸುತ್ತದೆ. ನಿರೀಕ್ಷಿಸದ ಉತ್ತರ ಬಂದದ್ದನ್ನು ನೋಡಿ ಕಂಪ್ಯೂಟರ್ ‘ಇಲ್ಲಿ ಲಾಗಿನ್ ಬೇಕಂತೆ’ ಎಂದು ಊಹಿಸಿ ಆ ಪುಟವನ್ನು ನಮ್ಮ ಮುಂದೆ ತೆರೆಯುತ್ತದೆ. ಮೊಬೈಲ್ ನಂಬರು ಕೊಡಿ, ಒಟಿಪಿ ಹಾಕಿ ಎಂದು ಕೇಳುವ ಪುಟ ಹುಟ್ಟುವುದು ಹೀಗೆ. ಎಂದರೆ ಹಾಟ್‌ಸ್ಪಾಟ್ ನಡೆಸುವ ಪ್ರಾಮಾಣಿಕ ಸಂಸ್ಥೆಯೂ ನಮ್ಮ ಕೋರಿಕೆಯನ್ನು ಅಡ್ಡಗಟ್ಟಿಯೇ ನಮ್ಮನ್ನು ಮಾತಾಡಿಸುತ್ತದೆ. ಕಳ್ಳನೂ ಮಾಡುವುದು ಅದನ್ನೇ. ಇಂದಿನ ಬ್ರೌಸರುಗಳು, ಜಾಲತಾಣಗಳು ಇಂಥ ಅಡ್ಡಗಟ್ಟುವಿಕೆಯನ್ನು ತಡೆಯಲೆಂದೇ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ವ್ಯವಸ್ಥೆಯನ್ನು ಕಟ್ಟಿಕೊಂಡಿವೆ. ನೀವು ಜಿಮೇಲ್ ತೆರೆಯಲು ಹೋದಾಗ ನಡುವೆ ಬಂದ ಪುಟವನ್ನು ಬ್ರೌಸರ್ ‘ಇದು ಗೂಗಲ್ ಅಲ್ಲ’ ಎಂದು ತಳ್ಳಿಹಾಕುತ್ತದೆ. ಒಟಿಪಿ ಪುಟ ಬರುವುದಿಲ್ಲ, ಜಿಮೇಲೂ ತೆರೆಯುವುದಿಲ್ಲ. ನಾವು ದೋಷವೆಂದು ಬೈಯುವ ಈ ಸ್ಥಿತಿ ಬಹಳ ಸಲ ನಮ್ಮ ಕಾವಲು ಸರಿಯಾಗಿ ಕೆಲಸ ಮಾಡುತ್ತಿರುವುದರ ಫಲ.

ಇದು ಅರ್ಥವಾದರೆ ಪರಿಹಾರವೂ ತಾನಾಗಿ ಹೊಳೆಯುತ್ತದೆ. ಗೂಢಲಿಪಿ ಬಳಸದ ತಾಣವೊಂದನ್ನು ತೆರೆಯಲು ಯತ್ನಿಸಿದರೆ ಹಾಟ್‌ಸ್ಪಾಟ್ ತನ್ನ ಪುಟವನ್ನು ತೋರಿಸಲು ಸಾಧ್ಯವಾಗುತ್ತದೆ. ಅದಕ್ಕೆಂದೇ ನೆವರ್‌ಎಸ್‌ಎಸ್‌ಎಲ್ ಎಂಬ ತಾಣವೊಂದಿದೆ. ಕಂಪ್ಯೂಟರಿನಲ್ಲಿ, ನಮ್ಮ ಸಂಚಾರವನ್ನೆಲ್ಲ ಗೂಢಲಿಪಿಯಲ್ಲಿ ಬೇರೊಂದು ಕಂಪನಿಯ ಮೂಲಕ ಸಾಗಿಸುವ ವಿಪಿಎನ್ ಚಾಲೂ ಇದ್ದರೆ ಲಾಗಿನ್ ಮುಗಿಯುವವರೆಗೆ ನಿಲ್ಲಿಸಬೇಕು. ತಾಣದ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಸೆಟ್ಟಿಂಗನ್ನು ಯಾರಾದರೂ ಬದಲಿಸಿ ಕೊಟ್ಟಿದ್ದರೆ ಅದನ್ನೂ ತಾತ್ಕಾಲಿಕವಾಗಿ ಮೊದಲಿನಂತೆ ಮಾಡಬೇಕು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಸಣ್ಣ ಬ್ಯಾಟರಿ ಸತ್ತು ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ತಾಣಗಳ ಗುರುತಿನ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ ತಪ್ಪು ತಾರೀಖಿನ ಯಂತ್ರಕ್ಕೆ ಪ್ರತಿಯೊಂದು ತಾಣವೂ ಸುಳ್ಳಾಗಿ ಕಾಣುತ್ತದೆ. ವೈಫೈ ಸರಿ ಇಲ್ಲ ಎಂದು ಅಂಗಡಿಗೆ ಒಯ್ಯುವ ಮೊದಲು ಗಡಿಯಾರ ನೋಡುವುದು ಒಳ್ಳೆಯದು.

ಮೊಬೈಲ್ ನಂಬರು ಏಕೆ ಕೇಳುತ್ತಾರೆ ಎಂಬುದಕ್ಕೂ ಒಂದು ಇತಿಹಾಸವಿದೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಹೊಣೆ ಹೊತ್ತ ಇಮೇಲು ಹೊರಟದ್ದು ನವಿ ಮುಂಬೈನ ಮನೆಯೊಂದರ ಕಾವಲಿಲ್ಲದ ವೈಫೈಯಿಂದ. ಮನೆಯವರಿಗೆ ಅದರ ಅರಿವೇ ಇರಲಿಲ್ಲ, ಆದರೂ ತನಿಖೆ ಮೊದಲು ಬಂದು ನಿಂತದ್ದು ಅವರ ಬಾಗಿಲಿಗೆ. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಕೊಡುವವರು ಬಳಕೆದಾರರ ಗುರುತನ್ನು ಖಚಿತಪಡಿಸಿಕೊಳ್ಳಲೇಬೇಕು ಎಂದು ವಿಧಿಸಿತು. ಬೇರೆ ಹಲವು ದೇಶಗಳಲ್ಲಿ ‘ಒಪ್ಪಿದೆ’ ಎಂದು ಒತ್ತಿದರೆ ಸಾಕಾಗುವ ಕಡೆ ನಮ್ಮಲ್ಲಿ ಒಟಿಪಿ ಬೇಕಾಗುವುದು ಅದರಿಂದ. ಮನೆಯ ರೂಟರಿಗೆ ಪಾಸ್‌ವರ್ಡ್ ಇಡದೆ ‘ಬಳಸಿಕೊಳ್ಳಲಿ ಬಿಡಿ, ನಮಗೇನು ನಷ್ಟ’ ಎನ್ನುವ ಉದಾರಿಗಳು ಈ ಪ್ರಕರಣವನ್ನು ನೆನಪಿಡಬೇಕು.

ಈಗ ಭಯದ ವಿಚಾರ. ಸಾರ್ವಜನಿಕ ವೈಫೈ ಎಂದರೆ ಗಾಳಿಯಲ್ಲಿ ಹೋಗುವ ಪಾಸ್‌ವರ್ಡನ್ನು ಪಕ್ಕದ ಬೆಂಚಿನವನು ಹಿಡಿದುಕೊಳ್ಳುತ್ತಾನೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತಿದೆ. ಒಂದು ಕಾಲಕ್ಕೆ ಅದು ಪೂರ್ತಿ ನಿಜವಾಗಿತ್ತು. ವೈಫೈಯ ಮೊದಲ ಕಾವಲಾದ ವೆಪ್‌ನಲ್ಲಿ ಬಿರುಕಿದೆ ಎಂದು 2001ರಲ್ಲೇ ಸಂಶೋಧಕರು ತೋರಿಸಿಕೊಟ್ಟರು. ತೆರೆದ ಹಾಟ್‌ಸ್ಪಾಟ್‌ಗಳಿಗಂತೂ ಯಾವ ಕಾವಲೂ ಇರಲಿಲ್ಲ. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞ ‘ಫೈರ್‌ಶೀಪ್’ ಎಂಬ ಪುಟ್ಟ ತಂತ್ರಾಂಶವನ್ನು ಬಿಡುಗಡೆ ಮಾಡಿದ. ಅದನ್ನು ಫೈರ್‌ಫಾಕ್ಸ್ ಬ್ರೌಸರಿಗೆ ಸೇರಿಸಿಕೊಂಡರೆ ಅದೇ ತೆರೆದ ವೈಫೈಯಲ್ಲಿ ಯಾರ್ಯಾರು ಫೇಸ್‌ಬುಕ್, ಟ್ವಿಟರ್ ಬಳಸುತ್ತಿದ್ದಾರೆ ಎಂಬುದು ಹೆಸರು, ಫೋಟೊ ಸಮೇತ ಕಾಣುತ್ತಿತ್ತು. ಎರಡು ಸಲ ಒತ್ತಿದರೆ ಅವರ ಖಾತೆಯೊಳಗೇ ಪ್ರವೇಶ. ಪಾಸ್‌ವರ್ಡ್ ಬೇಕಿರಲಿಲ್ಲ. ಒಮ್ಮೆ ಲಾಗಿನ್ ಆದ ಮೇಲೆ ತಾಣವು ಬ್ರೌಸರಿಗೆ ಕೊಡುವ ಗುರುತುಚೀಟಿ ಗೂಢಲಿಪಿಯಿಲ್ಲದೆ ಗಾಳಿಯಲ್ಲಿ ಹೋಗುತ್ತಿತ್ತು, ಅದನ್ನು ಹಿಡಿದರೆ ಸಾಕಿತ್ತು. ತಜ್ಞರಿಗೆ ಮೊದಲೇ ಗೊತ್ತಿದ್ದ ಈ ದೌರ್ಬಲ್ಯವನ್ನು ಬಟ್ಲರ್ ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿದ. ಕಂಪನಿಗಳ ಮೇಲೆ ಒತ್ತಡ ಬಂತು. ಜಿಮೇಲ್ ಅದೇ ವರ್ಷದ ಆರಂಭದಲ್ಲಿ ಎಲ್ಲರಿಗೂ ಎಚ್‌ಟಿಟಿಪಿಎಸ್ ಕೊಟ್ಟಿತ್ತು. ಫೇಸ್‌ಬುಕ್ 2013ರ ಹೊತ್ತಿಗೆ ಆ ದಾರಿಗೆ ಬಂತು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪ್ರಮಾಣಪತ್ರಗಳನ್ನು ಪುಕ್ಕಟೆ ಹಂಚತೊಡಗಿದ್ದರಿಂದ ಸಣ್ಣಪುಟ್ಟ ತಾಣಗಳಿಗೂ ಇದು ಕೈಗೆಟುಕಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ಪ್ರತಿ ತಾಣಕ್ಕೂ ‘ಸುರಕ್ಷಿತವಲ್ಲ’ ಎಂಬ ಹಣೆಪಟ್ಟಿ ಹಚ್ಚಿತು. ಇಂದು ಕ್ರೋಮ್‌ನಲ್ಲಿ ತೆರೆಯುವ ಪುಟಗಳಲ್ಲಿ ಶೇ. 90ಕ್ಕೂ ಹೆಚ್ಚು ಗೂಢಲಿಪಿಯಲ್ಲೇ ಬರುತ್ತವೆ. ಅಮೆರಿಕದ ಗ್ರಾಹಕರ ಹಿತ ನೋಡುವ ಫೆಡರಲ್ ಟ್ರೇಡ್ ಕಮಿಷನ್, ಸಾರ್ವಜನಿಕ ವೈಫೈಯಿಂದ ದೂರವಿರಿ ಎಂದು ಹಿಂದೆ ಎಚ್ಚರಿಸುತ್ತಿದ್ದ ಸಂಸ್ಥೆ, ಗೂಢಲಿಪಿ ವ್ಯಾಪಕವಾದ ಮೇಲೆ ಅದು ಸಾಮಾನ್ಯವಾಗಿ ಸುರಕ್ಷಿತ ಎಂದು ತನ್ನ ಸಲಹೆಯನ್ನೇ ಬದಲಿಸಿಕೊಂಡಿದೆ.

ಹಾಗಾದರೆ ಅಪಾಯ ಮುಗಿಯಿತೇ? ಇಲ್ಲ, ಜಾಗ ಬದಲಿಸಿತು. ಗಾಳಿಯಲ್ಲಿ ಹಿಡಿಯಲಾಗದ್ದನ್ನು ನಮ್ಮ ಕೈಯಿಂದಲೇ ಕೊಡಿಸಿಕೊಳ್ಳುವುದು ಈಗಿನ ದಾರಿ. ಹಾಟ್‌ಸ್ಪಾಟಿನ ಹೆಸರು ಬರಿಯ ನಾಮಫಲಕ. ಯಾರು ಬೇಕಾದರೂ ಬರೆಸಿ ತೂಗುಹಾಕಬಹುದು. ನಿಲ್ದಾಣದ ವೈಫೈಗೆ ಇರುವ ಹೆಸರನ್ನೇ ಪಕ್ಕದವನು ತನ್ನ ಫೋನಿನ ಹಾಟ್‌ಸ್ಪಾಟಿಗೆ ಇಡುವುದಕ್ಕೆ ಅರೆ ನಿಮಿಷ ಸಾಕು, ಅದನ್ನು ತಡೆಯುವ ವ್ಯವಸ್ಥೆ ತೆರೆದ ವೈಫೈಯಲ್ಲಿ ಇಲ್ಲ. ಅದೇ ಹೆಸರಿಗೆ ಹಿಂದೆ ಜೋಡಿಸಿಕೊಂಡಿದ್ದ ಕಂಪ್ಯೂಟರು ಕೇಳದೆಯೇ ಹೋಗಿ ಸೇರಿಕೊಳ್ಳಲೂಬಹುದು. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಫೆಡರಲ್ ಪೊಲೀಸರು ಒಬ್ಬಾತನ ಮೇಲೆ ಹೊರಿಸಿದ ಆರೋಪ ಇಂಥದ್ದೇ. ದೇಶದೊಳಗಿನ ವಿಮಾನಗಳಲ್ಲಿ, ಪರ್ತ್, ಮೆಲ್ಬರ್ನ್, ಅಡಿಲೇಡ್ ವಿಮಾನ ನಿಲ್ದಾಣಗಳಲ್ಲಿ ಆತ ಕೈಯಲ್ಲಿ ಒಯ್ಯುವ ಸಣ್ಣ ಸಾಧನದಿಂದ ಅಸಲಿ ಹೆಸರಿನದೇ ವೈಫೈ ಸೃಷ್ಟಿಸಿದ್ದನಂತೆ. ಸೇರಿಕೊಂಡವರಿಗೆ ಒಂದು ಪುಟ ತೆರೆಯುತ್ತಿತ್ತು. ಇಮೇಲ್ ಅಥವಾ ಸಾಮಾಜಿಕ ಜಾಲತಾಣದ ಖಾತೆಯಿಂದ ಲಾಗಿನ್ ಆಗಿ ಎಂದು ಅದು ಕೇಳುತ್ತಿತ್ತು. ಜನ ಬರೆದುಕೊಟ್ಟರು. ಈ ಪ್ರಕರಣದಲ್ಲಿ ಗಮನಿಸಬೇಕಾದ ಅಂಶ ಒಂದೇ: ಯಾವ ಗೂಢಲಿಪಿಯನ್ನೂ ಒಡೆಯಬೇಕಾಗಿರಲಿಲ್ಲ. ವೈಫೈ ಸೇರಿದೊಡನೆ ಒಂದು ಪುಟ ಬರುತ್ತದೆ, ಅದು ಕೇಳಿದ್ದನ್ನು ತುಂಬಬೇಕು ಎಂಬ ಅಭ್ಯಾಸವನ್ನು ಪ್ರಾಮಾಣಿಕ ಹಾಟ್‌ಸ್ಪಾಟ್‌ಗಳೇ ನಮಗೆ ಕಲಿಸಿವೆ. ಮೋಸಗಾರ ಆ ಅಭ್ಯಾಸದ ಮೇಲೆ ಕೂರುತ್ತಾನೆ.

ಇಷ್ಟು ಕೇಳಿದವರು ಸಹಜವಾಗಿ ಹೇಳುವ ಮಾತು: ಇಷ್ಟೆಲ್ಲ ತಾಪತ್ರಯ ಏಕೆ, ಸಾರ್ವಜನಿಕ ವೈಫೈಯನ್ನು ಮುಟ್ಟದಿದ್ದರಾಯಿತು. ಈ ಮಾತನ್ನು ಹೇಳುವವರಿಗೆ ಸಾಮಾನ್ಯವಾಗಿ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುತ್ತದೆ. ಇಲ್ಲದವರ ಲೆಕ್ಕ ಬೇರೆ. ರೈಲ್ವೆಯ ರೈಲ್‌ಟೆಲ್ ಸಂಸ್ಥೆ ಗೂಗಲ್ ಜೊತೆ ಸೇರಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಶುರು ಮಾಡಿದ ಉಚಿತ ವೈಫೈ 2018ರ ಜೂನ್ ಹೊತ್ತಿಗೆ 400 ನಿಲ್ದಾಣಗಳನ್ನು ತಲುಪಿತು. 2020ರಲ್ಲಿ ಗೂಗಲ್ ಹಿಂದೆ ಸರಿದರೂ ರೈಲ್‌ಟೆಲ್ ಅದನ್ನು 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ಒಯ್ದಿದೆ. ಎರ್ನಾಕುಲಂ ನಿಲ್ದಾಣದ ಹಮಾಲಿಯೊಬ್ಬರು ಹೊರೆ ಹೊರುತ್ತಲೇ ನಿಲ್ದಾಣದ ವೈಫೈಯಿಂದ ಪಾಠಗಳನ್ನು ಕಿವಿಗೆ ಹಾಕಿಕೊಂಡು ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸು ಮಾಡಿದ್ದು 2018ರ ಸುದ್ದಿ. ನಮ್ಮಲ್ಲಿ 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆಯಂಥ ಕಡೆ ‘ನಮ್ಮ ವೈಫೈ’ ಬಂದಿತ್ತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ಗಳಾಗಿ ಕಂಪ್ಯೂಟರಿನತ್ತ ಮುಖ ಮಾಡಿವೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಚಹದಂಗಡಿಯವರೂ ಲೈಸೆನ್ಸಿನ ಗೊಡವೆಯಿಲ್ಲದೆ ವೈಫೈ ಕೊಡಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಗೆ, ಅರ್ಜಿ ತುಂಬಲು ಬಂದ ರೈತನಿಗೆ ‘ಮುಟ್ಟಬೇಡಿ’ ಎಂಬ ಉಪದೇಶ ಕೊಡುವುದು ಅವರ ಮುಂದಿನ ಬಾಗಿಲು ಮುಚ್ಚಿದಂತೆ. ಹತ್ತು ವರ್ಷ ಹಳೆಯ ಅಪಾಯವನ್ನು ತೋರಿಸಿ ಮುಚ್ಚುವುದಂತೂ ಅನ್ಯಾಯ.

ಹಣದ ವ್ಯವಹಾರವನ್ನು ಮಾತ್ರ ಸ್ವಂತ ಫೋನಿನ ಸಂಪರ್ಕದಲ್ಲೇ ಮಾಡಿ ಎಂಬ ಬ್ಯಾಂಕುಗಳ ಸಲಹೆಯನ್ನು ನಾನೂ ಒಪ್ಪುತ್ತೇನೆ. ಫೋನಿನ ಹಾಟ್‌ಸ್ಪಾಟಿನಲ್ಲಿ ಮೇಲೆ ಹೇಳಿದ ಎರಡೂ ಪ್ರಶ್ನೆಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ: ಪೆಟ್ಟಿಗೆ ನಿಮ್ಮದು, ಪಾಸ್‌ವರ್ಡ್ ನಿಮ್ಮದು, ನಡುವೆ ಲಾಗಿನ್ ಪುಟವೇ ಇಲ್ಲ. ಇದರಲ್ಲೂ ತೊಡಕುಗಳಿವೆ. ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಆಗಿದ್ದರೂ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಹೆಸರೇ ಕಾಣಿಸದಿದ್ದರೆ, ಫೋನು 5 ಗಿಗಾಹರ್ಟ್ಸ್ ಅಲೆಯಲ್ಲಿ ಸಾರುತ್ತಿದೆ, ಹಳೆಯ ಲ್ಯಾಪ್‌ಟಾಪಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳುತ್ತದೆ ಎಂಬ ಸಾಧ್ಯತೆ ಹೆಚ್ಚು. ಆಂಡ್ರಾಯ್ಡ್‌ನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನ ಒಳಗೆ ಬ್ಯಾಂಡ್ ಬದಲಿಸಬೇಕು; ಐಫೋನಿನಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಆನ್ ಮಾಡಬೇಕು. ದಿನಕ್ಕೆ 1.5 ಜಿಬಿ, 2 ಜಿಬಿ ಮಿತಿಯ ಪ್ಯಾಕ್ ಇರುವವರಿಗೆ ಲ್ಯಾಪ್‌ಟಾಪ್ ಜೋಡಿಸಿದ ಅರ್ಧ ಗಂಟೆಗೆ ಡೇಟಾ ಖಾಲಿಯಾಗುವ ಅನುಭವ ಹೊಸದಲ್ಲ. ವಿಂಡೋಸ್ ವೈಫೈ ಸಿಕ್ಕಿತೆಂದು ಅಪ್‌ಡೇಟ್‌ಗಳನ್ನು, ಕ್ಲೌಡಿನ ಕಡತಗಳನ್ನು ಎಳೆಯತೊಡಗುತ್ತದೆ. ಆ ಹಾಟ್‌ಸ್ಪಾಟಿನ ಗುಣಲಕ್ಷಣಗಳಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿದರೆ ಅಂಥ ಎಳೆದಾಟ ಬಹುಮಟ್ಟಿಗೆ ನಿಲ್ಲುತ್ತದೆ. ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿದರೆ ವೈಫೈಯೇ ಬೇಡ, ಫೋನು ಚಾರ್ಜೂ ಆಗುತ್ತದೆ. ಆದರೆ ಸಿಗ್ನಲ್ ಇಲ್ಲದ ಮಲೆನಾಡಿನ ಮೂಲೆಯಲ್ಲಿ, ಪ್ಯಾಕ್ ಮುಗಿದ ತಿಂಗಳ ಕೊನೆಯಲ್ಲಿ ಇದು ಪರಿಹಾರವಾಗದು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ವಿಪಿಎನ್ ಹಾಕಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು ವಾದ. ಜಾಹೀರಾತುಗಳೂ ಅದನ್ನೇ ಸಾರುತ್ತವೆ. ವಿಪಿಎನ್ ನಮ್ಮ ಸಂಚಾರವನ್ನೆಲ್ಲ ಹಾಟ್‌ಸ್ಪಾಟಿನವನ ಕಣ್ಣಿಂದ ಮರೆಮಾಡುತ್ತದೆ ನಿಜ. ಎಚ್‌ಟಿಟಿಪಿಎಸ್ ಇದ್ದರೂ ನೀವು ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತು ಇದ್ದಿರಿ ಎಂಬುದು ಹಾಟ್‌ಸ್ಪಾಟ್ ನಡೆಸುವವನಿಗೆ ಸಾಮಾನ್ಯವಾಗಿ ತಿಳಿಯುತ್ತದೆ, ಅದನ್ನೂ ಮುಚ್ಚಬೇಕೆನ್ನುವವರಿಗೆ ವಿಪಿಎನ್ ಉಪಯುಕ್ತ. ಆದರೆ ನಂಬಿಕೆಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಹಾಟ್‌ಸ್ಪಾಟಿನವನು ನೋಡುತ್ತಿದ್ದುದನ್ನು ಇನ್ನು ಮುಂದೆ ವಿಪಿಎನ್ ಕಂಪನಿ ನೋಡುತ್ತದೆ. ಪುಕ್ಕಟೆ ವಿಪಿಎನ್ ಆದರೆ ಅದು ಹೇಗೆ ಬದುಕುತ್ತಿದೆ ಎಂದು ಕೇಳಿಕೊಳ್ಳಬೇಕು. ಬಳಕೆದಾರರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂದು 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ವಿಪಿಎನ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿರುವುದೂ ತಿಳಿದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಕಲಿ ಪುಟದಲ್ಲಿ ನಾವೇ ಕೈಯಾರೆ ಬರೆದುಕೊಟ್ಟ ಪಾಸ್‌ವರ್ಡನ್ನು ಯಾವ ವಿಪಿಎನ್ನೂ ಹಿಂದಕ್ಕೆ ತರಲಾರದು. ಕೆಲವು ಬ್ರೌಸರುಗಳ ವಿಳಾಸಪಟ್ಟಿಯಲ್ಲಿ ಕಾಣುವ ಬೀಗದ ಚಿಹ್ನೆಯನ್ನು ನಂಬಿ ಕೂರುವುದೂ ಇಂಥದ್ದೇ. ಆ ತಾಣಕ್ಕೂ ನಿಮಗೂ ನಡುವೆ ಗೂಢಲಿಪಿ ಇದೆ ಎಂದು ಬೀಗ ಹೇಳುತ್ತದೆ. ಆ ತಾಣ ಸಾಚಾ ಎಂದಲ್ಲ; ಪ್ರಮಾಣಪತ್ರ ಪುಕ್ಕಟೆ ಸಿಗುವ ಕಾಲದಲ್ಲಿ ಮೋಸದ ತಾಣಕ್ಕೂ ಬೀಗ ಇರುತ್ತದೆ. ಓದಬೇಕಾದದ್ದು ಬೀಗದ ಪಕ್ಕದ ಹೆಸರನ್ನು.

ಬಳಸುವವರು ಇಟ್ಟುಕೊಳ್ಳಬೇಕಾದ ನಿಯಮ ಹಾಗಾಗಿ ಚಿಕ್ಕದು. ಹಾಟ್‌ಸ್ಪಾಟಿನ ಪುಟ ನಿಮ್ಮ ಮೊಬೈಲ್ ನಂಬರು ಮತ್ತು ಅದಕ್ಕೆ ಬಂದ ಒಟಿಪಿ ಕೇಳಬಹುದು. ಒಟಿಪಿ ಸಂದೇಶವನ್ನು ಪೂರ್ತಿ ಓದಿ. ಅದು ವೈಫೈಗೆಂದೇ ಬಂದದ್ದಾಗಿರಬೇಕು, ಬ್ಯಾಂಕಿನದೋ ವಾಟ್ಸ್ಆ್ಯಪ್‌ನದೋ ಆಗಿರಬಾರದು. ಇಮೇಲ್ ಪಾಸ್‌ವರ್ಡ್, ಆಧಾರ್, ಕಾರ್ಡಿನ ಪಿನ್ ಕೇಳಿದರೆ, ಯಾವುದೋ ಆ್ಯಪ್ ಇಳಿಸಿಕೊಳ್ಳಿ ಎಂದರೆ, ಪುಟ ಮುಚ್ಚಿ ಸಂಪರ್ಕ ಕಡಿದುಕೊಳ್ಳಿ. ಪ್ರಮಾಣಪತ್ರ ಸರಿಯಿಲ್ಲ ಎಂದು ಬ್ರೌಸರ್ ಎಚ್ಚರಿಸಿದಾಗ ‘ಆದರೂ ಮುಂದುವರಿ’ ಎಂದು ಒತ್ತಬೇಡಿ. ಹೊಸ ವೈಫೈ ಸೇರಿದಾಗ ವಿಂಡೋಸ್ ಕೇಳಿದರೆ ‘ಪಬ್ಲಿಕ್’ ಎಂದೇ ಆರಿಸಿ, ಆಗ ಅದೇ ವೈಫೈಯಲ್ಲಿರುವ ಉಳಿದವರಿಗೆ ನಿಮ್ಮ ಯಂತ್ರ ಕಾಣಿಸುವುದಿಲ್ಲ. ಕೆಲಸ ಮುಗಿದ ಮೇಲೆ ಆ ಹೆಸರನ್ನು ‘ಫರ್ಗೆಟ್’ ಮಾಡಿದರೆ ಮುಂದೆಂದೋ ಅದೇ ಹೆಸರಿನ ನಕಲಿಗೆ ಕಂಪ್ಯೂಟರ್ ತಾನಾಗಿ ಹೋಗಿ ಸೇರುವ ಭಯವಿಲ್ಲ.

ಆದರೆ ಹೊಣೆಯನ್ನೆಲ್ಲ ಬಳಸುವವರ ತಲೆಗೆ ಕಟ್ಟುವುದು ಸರಿಯಲ್ಲ. ಪಟ್ಟಿಯಲ್ಲಿ ಒಂದೇ ಥರದ ನಾಲ್ಕು ಹೆಸರು ಕಂಡಾಗ ಯಾವುದು ಅಸಲಿ ಎಂದು ಹಳ್ಳಿಯಿಂದ ಬಂದವರು ಹೇಗೆ ತಿಳಿಯಬೇಕು? ಹೆಸರೂ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತದೆ. ವೈಫೈ ಹೆಸರಿಗೆ 32 ಬೈಟ್‌ಗಳ ಮಿತಿ ಇದೆ. ಕನ್ನಡದ ಅಕ್ಷರ, ಸ್ವರಚಿಹ್ನೆ, ಹಲಂತ ಚಿಹ್ನೆ ಒಂದೊಂದಕ್ಕೂ 3 ಬೈಟ್ ಬೇಕಾಗುವುದರಿಂದ ಕನ್ನಡದಲ್ಲಿ ಬರೆದರೆ ಹತ್ತು ಚಿಹ್ನೆಗೆ ಜಾಗ ಮುಗಿಯುತ್ತದೆ. ‘ಅರಿವು ಕೇಂದ್ರ’ ಎಂಬಷ್ಟೂ ಅದರಲ್ಲಿ ಹಿಡಿಯುವುದಿಲ್ಲ. ಹೆಸರಿಗೆ ಈ ತೊಡಕಿದ್ದರೂ ಗೋಡೆಯ ಮೇಲಿನ ಫಲಕಕ್ಕೆ ಯಾವ ಮಿತಿಯೂ ಇಲ್ಲ. ರೈಲು ಮತ್ತು ಬಸ್ ನಿಲ್ದಾಣಗಳನ್ನು, ಗ್ರಂಥಾಲಯಗಳನ್ನು, ಆಸ್ಪತ್ರೆಗಳನ್ನು ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟು: ನಿಮ್ಮ ವೈಫೈಯ ಹೆಸರನ್ನು ಅಕ್ಷರಕ್ಕಕ್ಷರ ಬರೆದು ಹಾಕಿ. ಲಾಗಿನ್ ಪುಟ ತಾನಾಗಿ ಬಾರದಿದ್ದರೆ ಬ್ರೌಸರಿನಲ್ಲಿ ಯಾವ ವಿಳಾಸ ಹೊಡೆಯಬೇಕು ಎಂಬುದನ್ನು ಅದರ ಕೆಳಗೆ ಬರೆಯಿರಿ. ನಂಬರು ಮತ್ತು ಒಟಿಪಿ ಬಿಟ್ಟು ನಾವು ಬೇರೇನನ್ನೂ ಕೇಳುವುದಿಲ್ಲ ಎಂಬ ಸಾಲನ್ನೂ ಸೇರಿಸಿ. ಫಲಕವೂ ಲಾಗಿನ್ ಪುಟವೂ ಕನ್ನಡದಲ್ಲಿರಲಿ.